ರಾತ್ರಿ ಬೈಕ್ ಓಣಿಯಲ್ಲೇ ನಿಲ್ಲಿಸಬೇಕು, ಡಿಸ್ಕ್ ಲಾಕ್ ಒಂದೇ ಸಾಕಾ?

ವಿಜಯಪುರಕ್ಕೆ ಕೆಲಸಕ್ಕೆ ಬಂದು ಒಂದು ತಿಂಗಳಾಯಿತು, ಬಾಡಿಗೆ ಮನೆಗೆ ಕಾಂಪೌಂಡ್ ಇಲ್ಲ, ಸಾಲ ಮಾಡಿ ತಗೊಂಡ ಹೊಸ 125 ಸಿಸಿ ಗಾಡಿ ರಾತ್ರಿಯೆಲ್ಲ ಓಣಿಯಲ್ಲೇ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ಡಿಸ್ಕ್‌ಗೆ ಹಾಕುವ ಬೀಗ, ಅದೊಂದೇ ಸಾಕಾಗುವುದಿಲ್ಲ. ಗಾಡಿಯನ್ನು ಅಲುಗಾಡದ ಒಂದಕ್ಕೆ ಕಟ್ಟಬೇಕು, ಹಟ್ಟಿಯಲ್ಲಿ ಎತ್ತು ಕಟ್ಟುತ್ತಾರಲ್ಲ, ಹಾಗೆ.

ನಾನು ಇದನ್ನು ಗಾಡಿ ಕಳೆದುಕೊಂಡು ಕಲಿತೆ. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆದಿತ್ತು. ಅಪ್ಪನ ಸ್ಪ್ಲೆಂಡರ್ ತಗೊಂಡು ಹೋಗಿ ಒಂದು ಸಂದಿಯಲ್ಲಿ ನಿಲ್ಲಿಸಿದೆ. ಹ್ಯಾಂಡಲ್ ಲಾಕ್ ಮಾಡಿದ್ದೆ, ಚಾವಿ ಜೇಬಿನಲ್ಲೇ ಇತ್ತು. ಎರಡು ತಾಸು ಬಿಟ್ಟು ಬಂದರೆ ಗಾಡಿ ಇಲ್ಲ. ಬೇರೆ ಸಂದಿಯಲ್ಲಿ ಬಿಟ್ಟಿರಬೇಕು ಅಂದುಕೊಂಡು ರಾತ್ರಿ ಹನ್ನೊಂದರ ತನಕ ಹುಡುಕಿದೆ. ಅಪ್ಪ ಬೈಯಲಿಲ್ಲ. ಮರುದಿನ ಸುಮ್ನೆ ಎದ್ದು ಬಸ್ಸಿನಲ್ಲಿ ಹೊಲಕ್ಕೆ ಹೋದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಮೇಲೆ ಒಬ್ಬ ಮೆಕ್ಯಾನಿಕ್ ಹಳೆಯ ಹ್ಯಾಂಡಲ್ ಲಾಕ್ ಬಿಚ್ಚಿ ತೋರಿಸಿದರು. ಒಳಗೆ ಇರುವುದು ಒಂದು ಸಣ್ಣ ಪಿನ್ನು, ಅಷ್ಟೇ. ಜೋರು ಹಾಕಿದರೆ ಮುರಿಯುತ್ತದೆ. ಅದನ್ನು ಹಾಕಲೇಬೇಕು, ಆದರೆ ಅದೊಂದನ್ನೇ ನಂಬಬಾರದು.

ಡಿಸ್ಕ್ ಲಾಕ್ ಹಾಕಿದರೆ ಚಕ್ರ ತಿರುಗುವುದಿಲ್ಲ, ನಿಜ. ಪೇಟೆಯಲ್ಲಿ ಹತ್ತು ನಿಮಿಷ ನಿಲ್ಲಿಸುವಾಗ ಅದು ಒಳ್ಳೆಯದು. ಆದರೆ ನಿಮ್ಮ ಗಾಡಿಯ ತೂಕ 120 ಕಿಲೋ ಆಸುಪಾಸು ಇರುತ್ತದೆ. ಮೂರು ಜನ ಸೇರಿದರೆ ಎತ್ತಿ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋಗುತ್ತಾರೆ. ಇನ್ನೊಂದು ಮಾತು, ಲಾಕ್‌ನಿಂದ ಹ್ಯಾಂಡಲ್‌ಗೆ ಒಂದು ಬಣ್ಣದ ದಾರ ಕಟ್ಟಿಕೊಳ್ಳಿ. ಮರೆತು ಗಾಡಿ ಎಳೆದರೆ ನೀವೇ ಬೀಳುತ್ತೀರಿ.

ರಾತ್ರಿಗೆ ಬೇಕಾದ್ದು ದಪ್ಪ ಸರಪಳಿ. ಕೊಂಡಿ ಕನಿಷ್ಠ 10 ಎಂಎಂ ದಪ್ಪ ಇರಲಿ, ಗಟ್ಟಿ ಮಾಡಿದ ಉಕ್ಕಿನದೇ ಕೇಳಿ. ಕೀಲಿಯೂ ಅಷ್ಟೇ ಗಟ್ಟಿ ಇರಬೇಕು. ಪ್ಲಾಸ್ಟಿಕ್ ಸುತ್ತಿದ ತೆಳ್ಳಗಿನ ಕೇಬಲ್ ಲಾಕ್ ಹೆಲ್ಮೆಟ್‌ಗೆ ಸರಿ, ಗಾಡಿಗೆ ಅಲ್ಲ. ಸರಪಳಿಯನ್ನು ಹಿಂದಿನ ಚಕ್ರ ಮತ್ತು ಚಾಸಿ (ಗಾಡಿಯ ಚೌಕಟ್ಟು) ಎರಡರ ಒಳಗಿಂದಲೂ ತಗೊಳ್ಳಿ. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಆ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ಯಬಹುದು. ಸರಪಳಿ ನೆಲಕ್ಕೆ ತಾಗಬಾರದು, ಇದನ್ನು ಮರೆಯಬೇಡಿ. ನೆಲದ ಮೇಲೆ ಬಿದ್ದಿದ್ದರೆ ಕಟರ್‌ನ ಒಂದು ಹಿಡಿ ನೆಲಕ್ಕೆ ಊರಿ ಇನ್ನೊಂದನ್ನು ಮೈಭಾರ ಹಾಕಿ ಒತ್ತಬಹುದು. ಬಿಗಿಯಾಗಿ ಮೇಲೆ ನಿಂತಿದ್ದರೆ ಕಷ್ಟ.

ಯಾವುದಕ್ಕೆ ಕಟ್ಟುವುದು? ನಮ್ಮ ಕಡೆ ಹಳೆಯ ಮನೆಗಳ ಮುಂದೆ ದನ ಕಟ್ಟುವ ಕಬ್ಬಿಣದ ಬಳೆ ಇನ್ನೂ ಇರುತ್ತವೆ. ನಿಮ್ಮ ಮನೆಗೆ ಅದೃಷ್ಟಕ್ಕೆ ಅಂಥದ್ದಿದ್ದರೆ ಎಳೆದು ನೋಡಿ, ಗಟ್ಟಿಯಿದ್ದರೆ ಅದಕ್ಕೇ ಕಟ್ಟಿ. ಇಲ್ಲದಿದ್ದರೆ ಮನೆ ಮಾಲೀಕರನ್ನು ಕೇಳಿ, ಬಾಗಿಲ ಪಕ್ಕದ ಕಟ್ಟೆಯಲ್ಲಿ 16 ಎಂಎಂ ರಾಡ್ ಬಗ್ಗಿಸಿ ಕಾಂಕ್ರೀಟಿನಲ್ಲಿ ಹೂಳಿಸಿ. ವೆಲ್ಡಿಂಗ್ ಅಂಗಡಿಯವರು ಬಗ್ಗಿಸಿ ಕೊಡುತ್ತಾರೆ, ಗೌಂಡಿಗೆ ಅರ್ಧ ದಿನದ ಕೆಲಸ. ನಾವು ಹಾಗೇ ಮಾಡಿದ್ದೇವೆ. ಈಗ ಎದುರು ಮನೆಯ ಕಾಕಾ ಕೂಡ ಮಾಡಿಸಿಕೊಂಡಿದ್ದಾರೆ.

ಮೇಲೊಂದು ಕವರ್ ಹೊದಿಸಿ, ಯಾವ ಗಾಡಿ ಅಂತ ದೂರದಿಂದ ಗೊತ್ತಾಗಬಾರದು. ಜಿಪಿಎಸ್ ಕಳ್ಳತನ ತಡೆಯುವುದಿಲ್ಲ, ಆಮೇಲೆ ಹುಡುಕಲು ನೆರವಾಗುತ್ತದೆ. ದುಡ್ಡಿದ್ದರೆ ಹಾಕಿಸಿ, ಸಿಮ್ ರೀಚಾರ್ಜ್ ತಪ್ಪಿಸಬೇಡಿ. ಮೂಲ ಆರ್‌ಸಿ ಗಾಡಿಯಲ್ಲಿ ಇಡಲೇಬೇಡಿ, ತೋರಿಸಲು ಡಿಜಿಲಾಕರ್ ಇದೆ ಅಲ್ವಾ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹಾಗಾಗಿ 'ಐದು ವರ್ಷ ಚಿಂತೆ ಇಲ್ಲ' ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ, ಅದರಲ್ಲಿ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಕಳ್ಳತನಕ್ಕೆ ದುಡ್ಡು ಬರುವುದು ಓನ್ ಡ್ಯಾಮೇಜ್ ಭಾಗದಿಂದ, ಅಂದರೆ ನಮ್ಮದೇ ಗಾಡಿಯ ನಷ್ಟಕ್ಕೆ ಇರುವ ವಿಮೆಯಿಂದ, ಅದು ಹೆಚ್ಚಾಗಿ ಒಂದೇ ವರ್ಷಕ್ಕೆ ಇರುತ್ತದೆ. ಅಪ್ಪನ ಗಾಡಿಗೆ ಥರ್ಡ್ ಪಾರ್ಟಿ ಮಾತ್ರ ಇತ್ತು, ನಮಗೆ ಏನೂ ಸಿಗಲಿಲ್ಲ. ನಿಮ್ಮ ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಮುಗಿಯುವ ತಾರೀಖು ನೋಡಿ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಗಾಡಿ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ.

ಹಾಗೇನಾದರೂ ಆದರೆ ನನ್ನ ಹಾಗೆ ಸಂದಿ ಸಂದಿ ತಿರುಗಬೇಡಿ. ತಕ್ಷಣ 112ಕ್ಕೆ ಫೋನ್ ಮಾಡಿ. ಸೋಲಾಪುರ ರಸ್ತೆ ಹಿಡಿದು ಧೂಳಖೇಡದ ಹತ್ತಿರ ಭೀಮಾ ಸೇತುವೆ ದಾಟಿದರೆ ಮಹಾರಾಷ್ಟ್ರ. ಎರಡು ತಾಸು ಕಳೆದರೆ ಗಾಡಿ ಬೇರೆ ರಾಜ್ಯದಲ್ಲಿರಬಹುದು. ಎಫ್‌ಐಆರ್ ಮಾಡಿಸಿ, ವಿಮೆ ಕಂಪನಿಗೂ ಅದೇ ದಿನ ತಿಳಿಸಿ. ಚಾಸಿ ನಂಬರ್, ಎಂಜಿನ್ ನಂಬರ್ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಗಾಡಿ ಸಿಗದಿದ್ದರೆ, ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೊಡುವ ಸಿ ರಿಪೋರ್ಟ್ ವಿಮೆಗೆ ಬೇಕಾಗುತ್ತದೆ. ಕಂಪನಿಯವರು ಎರಡೂ ಚಾವಿ ಕೇಳುತ್ತಾರೆ. ಶೋರೂಮಿನಲ್ಲಿ ಕೊಟ್ಟ ಎರಡನೇ ಚಾವಿ ಊರಿನ ಮನೆಯಲ್ಲೇ ಉಳಿದಿದ್ದರೆ, ಮುಂದಿನ ಸಲ ಹೋದಾಗ ತಂದು ಜೋಪಾನವಾಗಿ ಇಟ್ಟುಕೊಳ್ಳಿ.