‘ಮೋರ್ ಲಾಂಗರ್’ ಪ್ಲಾಟ್‌ಫಾರ್ಮ್

ಪ್ರಶ್ನೆ: ಮಗಳು ಒಂಬತ್ತನೇ ಇಯತ್ತೆ. ಪರೀಕ್ಷೆಯೊಳಗ ‘ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಈಸ್ ಮೋರ್ ಲಾಂಗರ್ ದ್ಯಾನ್ ಗೋರಖ್‌ಪುರ್’ ಅಂತ ಬರದಿದ್ದಕ್ಕ ಸೊನ್ನಿ ಹಾಕ್ಯಾರ. ಅರ್ಥ ಆಗತೈತಲ್ರೀ, ತಪ್ಪೇನು?
– ಒಬ್ಬ ತಾಯಿ, ಬ್ಯಾಡಗಿ

ಉತ್ತರ: ಅಕ್ಕಾರ, ಪೂರಾ ಸೊನ್ನಿ ಹಾಕೂದು ಬ್ಯಾಡಾಗಿತ್ತು. ಹುಡುಗಿ ಬರದ ವಿಷಯ ಖರೇನ ಐತಿ: ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್, ಗೋರಖ್‌ಪುರದ್ದು 1,366. ಆದರ ವಾಕ್ಯದಾಗ ಎರಡು ತಪ್ಪು ಅದಾವ.

ಕನ್ನಡದಾಗ ಹೋಲಿಕೆಯ ಭಾರ ಎಲ್ಲಾ ‘ಗಿಂತ’ ಹೊರತೈತಿ. ‘ಉದ್ದ’ ಅನ್ನೂದು ‘ಉದ್ದ’ ಆಗೇ ಉಳೀತೈತಿ. ಬೇಕಾದ್ರ ಮುಂದ ‘ಹೆಚ್ಚು’ ಹಚ್ಚತೀವಿ, ಇಲ್ಲಂದ್ರ ಬಿಡತೀವಿ. ಇಂಗ್ಲಿಷಿನಾಗ ಬರೇ ‘ದ್ಯಾನ್’ ಸಾಲೂದಿಲ್ಲ, ಗುಣವಾಚಕದ ರೂಪಾನೂ ಬದಲಾಗಬೇಕು. ಅದಕ್ಕ ನಮ್ಮ ಹುಡುಗರು ಒಮ್ಮೆ ‘ಗದಗ ಈಸ್ ಹಾಟ್ ದ್ಯಾನ್ ಧಾರವಾಡ’ ಅಂತ ಕಡಿಮಿ ಹಾಕತಾರ, ಒಮ್ಮೆ ‘ಮೋರ್ ಹಾಟರ್’ ಅಂತ ಹೆಚ್ಚಿಗಿ ಸುರೂತಾರ. ಲಾಂಗ್, ಹಾಟ್‌ನಂಥ ಗಿಡ್ಡ ಶಬ್ದಕ್ಕ ಹಿಂದ ‘ಅರ್’ (ಹಾಟರ್ ಬರಿಯೂ ಮುಂದ ‘ಟಿ’ ಎರಡು ಸಲ). ಹ್ಯಾಪಿ ಹ್ಯಾಪಿಯರ್ ಆಗತೈತಿ. ಬ್ಯೂಟಿಫುಲ್, ಎಕ್ಸ್‌ಪೆನ್ಸಿವ್‌ನಂಥ ಉದ್ದನ್ನವಕ್ಕ ಮುಂದ ‘ಮೋರ್’. ಎರಡೂ ಕೂಡೇ ಬ್ಯಾಡ. ಶೇಕ್ಸ್‌ಪಿಯರ್‌ನ ಕಾಲಕ್ಕ ಎರಡೂ ಹಾಕೂ ರೂಢಿ ಇತ್ತು ಖರೆ, ಅಂವಗ ಎಸ್ಸೆಸ್ಸೆಲ್ಸಿ ಇರಲಿಲ್ಲ!

ಇನ್ನೊಂದು ತಪ್ಪು, ನನ್ನ ಲೆಕ್ಕದಾಗ ಇದೇ ದೊಡ್ಡದು: ಪ್ಲಾಟ್‌ಫಾರ್ಮನ್ನ ಊರಿಗೆ ಹೋಲಿಸ್ಯಾಳ. ನಾವು ‘ಗೋರಖ್‌ಪುರದ್ದಕ್ಕಿಂತ’ ಅಂತೀವಲ್ಲ, ಆ ‘ದ್ದ’ ಇಂಗ್ಲಿಷಿನಾಗ ಅಪಾಸ್ಟ್ರಫಿ ಹಚ್ಚಿದ ‘ಎಸ್’: ‘ಲಾಂಗರ್ ದ್ಯಾನ್ ಗೋರಖ್‌ಪುರ್ಸ್’. ಶಾಲೆಯಾಗ ‘ಮೋರ್’ಗೆ ಕೆಂಪ ಗೀಟ ಹೊಡೀತಾರ, ಇದನ್ನ ಯಾರೂ ನೋಡೂದಿಲ್ಲ. ಜಗತ್ತಿನ ಲೆಕ್ಕಕ್ಕ ಹೋದ್ರ ‘ದ ಲಾಂಗೆಸ್ಟ್ ಇನ್ ದ ವರ್ಲ್ಡ್’. ಮುಂದಿನ ‘ದ’ ಬಿಡಬ್ಯಾಡ್ರಿ.

ನಿಮ್ಮೂರ ಮೆಣಸಿನಕಾಯಿ ಮ್ಯಾಲೂ ಎರಡು ವಾಕ್ಯ ಬರಸ್ರಿ. ಗುಂಟೂರಿಂದಕ್ಕಿಂತ ಬಣ್ಣ ಹೆಚ್ಚು, ‘ರೆಡ್ಡರ್’. ಖಾರ ಕಡಿಮಿ, ‘ಲೆಸ್ ಹಾಟ್’. ‘ಲೆಸ್’ ಬಂದಲ್ಲಿ ‘ಅರ್’ ಬರೂದಿಲ್ಲ.

ಪ್ರಶ್ನೆ: ‘ಹಿ ಈಸ್ ಸೀನಿಯರ್ ದ್ಯಾನ್ ಮಿ’ ಸರಿ ಏನ್ರಿ?
– ಕಚೇರಿ ನೌಕರ, ಗದಗ

ಉತ್ತರ: ಇಲ್ರಿ. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್ನಿಂದ ಬರೂ ಮುಂದನ ಹೋಲಿಕೆಯ ರೂಪ ತಗೊಂಡು ಬಂದಾವ, ಅವಕ್ಕ ‘ಟು’. ಇಂಗ್ಲಿಷರು ‘ಮೋರ್ ಸೀನಿಯರ್ ದ್ಯಾನ್’ ಅಂತಾನೂ ಬರೀತಾರ. ನೀವು ಬಡ್ತಿ ಅರ್ಜಿಯಾಗ ‘ಸೀನಿಯರ್ ಟು’ ಅಂತನ ಬರೀರಿ, ಸಾಹೇಬ್ರಿಗೆ ಗೊತ್ತಿರೂದು ಅದೊಂದ.