ಹಳೆಯ ಫ್ರಿಜ್‌ಗೆ ಬಿಯರ್ ನಲ್ಲಿ: ಎಲ್ಲಿ ಕೊರೆಯಬೇಕು, ನೊರೆ ಏಕೆ ಉಕ್ಕುತ್ತದೆ?

ಪ್ರಶ್ನೆ: ನಮ್ಮ ಹಳೆಯ ಒಂಟಿ ಬಾಗಿಲಿನ ಫ್ರಿಜ್ ಇನ್ನೂ ಚೆನ್ನಾಗಿ ತಂಪು ಮಾಡುತ್ತದೆ. ಅದರೊಳಗೆ 19 ಲೀಟರಿನ ಬಿಯರ್ ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಮತ್ತು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇರಿಸಿ, ಪಕ್ಕದ ಗೋಡೆಗೆ ನಲ್ಲಿ ಕೂರಿಸಬೇಕೆಂದಿದ್ದೇನೆ. ಹೀಗೆಯೇ ಮಾಡಿಕೊಂಡಿರುವ ಸ್ನೇಹಿತರ ಮನೆಯಲ್ಲಿ ಲೋಟದ ತುಂಬ ಬರೀ ನೊರೆ ಬರುತ್ತದೆ. ಅನಿಲದ ಒತ್ತಡ ಇಳಿಸಿದರೂ ಅವರಿಗೆ ಪ್ರಯೋಜನವಾಗಿಲ್ಲ. ನಾನು ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ: ದಯವಿಟ್ಟು ಪಕ್ಕದ ಗೋಡೆಯನ್ನು ಕೊರೆಯಬೇಡಿ. ಅನೇಕ ಫ್ರಿಜ್‌ಗಳಲ್ಲಿ ಶಾಖವನ್ನು ಹೊರಹಾಕುವ ಕೊಳವೆಗಳು ಪಕ್ಕದ ತಗಡಿನ ಹಿಂದೆಯೇ ಅಡಗಿರುತ್ತವೆ. ಹಿಂಬದಿಯಲ್ಲಿ ಕಪ್ಪು ಜಾಲರಿ ಕಾಣುವ ಹಳೆಯ ಮಾದರಿಗಳಲ್ಲಿಯೂ ಬಾಗಿಲ ಚೌಕಟ್ಟು ಬೆವರದಿರಲೆಂದು ಒಂದು ಬಿಸಿ ಕೊಳವೆಯನ್ನು ಅದರ ಸುತ್ತ ಹಾಯಿಸಿರುವುದುಂಟು. ಡ್ರಿಲ್ಲಿನ ಮೊನೆ ಅದಕ್ಕೆ ತಗುಲಿದರೆ ತಂಪುಕಾರಕ ಅನಿಲ ಸೋರಿಹೋಗಿ ಫ್ರಿಜ್ ಅಲ್ಲಿಗೆ ಮುಗಿದಂತೆ; ಆ ಅನಿಲ ಐಸೊಬ್ಯೂಟೇನ್ ಆಗಿದ್ದರೆ ಬೆಂಕಿಯ ಅಪಾಯವೂ ಇದೆ. ಕಂಪ್ರೆಸರ್ ಓಡುವಾಗ ಗೋಡೆಯನ್ನು ಮುಟ್ಟಿ ನೋಡಿ, ಬಿಸಿಯಿಲ್ಲದ ಜಾಗದಲ್ಲಿ ಕೊರೆಯಬಹುದೆಂದು ಕೆಲವರು ಹೇಳುತ್ತಾರೆ. ಬಿಸಿಯಾಗದ ಕೊಳವೆಗಳೂ ಒಳಗಿರುವುದರಿಂದ ಆ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ನಲ್ಲಿಗೆ ಸರಿಯಾದ ಜಾಗ ಬಾಗಿಲು. ನೀರಿನ ನಲ್ಲಿಯಾಗಲಿ ವಿದ್ಯುತ್ ಫಲಕವಾಗಲಿ ಇಲ್ಲದ ಸಾಧಾರಣ ಬಾಗಿಲಿನೊಳಗೆ ಶಾಖ ತಡೆಯುವ ಫೋಮ್ ಮಾತ್ರ ಇರುತ್ತದೆ. ಫ್ರಿಜ್‌ನ ಪ್ಲಗ್ ತೆಗೆದ ಬಳಿಕ, ನಲ್ಲಿಯ ಹಿಂಬದಿಯ ಉಕ್ಕಿನ ಕೊಳವೆ ಹಿಡಿಸುವಷ್ಟು, ಅಂದರೆ ಸಾಮಾನ್ಯವಾಗಿ ಸುಮಾರು 25 ಮಿಲಿಮೀಟರ್ ಅಗಲದ ತೂತು ಸಾಕು. ಕೊರೆಯುವ ಮೊದಲು ಕೆಗ್‌ನಷ್ಟೇ ಎತ್ತರ, ಅಗಲದ ರಟ್ಟಿನ ಆಕೃತಿಯೊಂದನ್ನು ಒಳಗಿಟ್ಟು ಬಾಗಿಲು ಪೂರ್ತಿ ಮುಚ್ಚುತ್ತದೆಯೇ ನೋಡಿ, ಏಕೆಂದರೆ ಕೆಳಗೆ ಹಿಂಭಾಗದಲ್ಲಿ ಕಂಪ್ರೆಸರ್‌ಗಾಗಿ ಬಿಟ್ಟಿರುವ ಉಬ್ಬು ಜಾಗವನ್ನು ತಿನ್ನುತ್ತದೆ. ಎತ್ತರ ಸಾಲದೆಂದು ಮೇಲಿನ ಮಂಜಿನ ಪೆಟ್ಟಿಗೆಯನ್ನು ಕತ್ತರಿಸಲು ಹೋಗಬೇಡಿ. ಒಂಟಿ ಬಾಗಿಲಿನ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಆ ಪೆಟ್ಟಿಗೆಯೇ ತಂಪು ಹುಟ್ಟಿಸುವ ಭಾಗ. ತುಂಬಿದ ಕೆಗ್ ಸುಮಾರು 23 ಕಿಲೋ ತೂಗುವುದರಿಂದ ಗಾಜಿನ ತಟ್ಟೆಗಳನ್ನು ತೆಗೆದು, ತಳಕ್ಕೆ ದಪ್ಪ ಪ್ಲೈವುಡ್ ಹಾಸಿರಿ.

ಇನ್ನು ನಿಮ್ಮ ಸ್ನೇಹಿತರ ನೊರೆಯ ವಿಚಾರ. ಒತ್ತಡ ಇಳಿಸಿದ್ದೇ ಅವರ ತೊಂದರೆಯನ್ನು ಹೆಚ್ಚಿಸಿರಬಹುದು. ಬಿಯರ್ ತಣ್ಣಗಿದ್ದಷ್ಟೂ ಹೆಚ್ಚು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಾದರೆ ಅಥವಾ ಮೇಲಿನ ಒತ್ತಡ ತಗ್ಗಿದರೆ ಅದನ್ನು ಗುಳ್ಳೆಗಳಾಗಿ ಬಿಟ್ಟುಕೊಡುತ್ತದೆ. 3ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.8 ಬಾರ್, ಅಂದರೆ 12 ಪಿಎಸ್‌ಐ ಒತ್ತಡ ಹೆಚ್ಚಿನ ಬಿಯರ್‌ಗಳಿಗೆ ಹೊಂದುತ್ತದೆ. ಅದಕ್ಕಿಂತ ಬಹಳ ತಗ್ಗಿಸಿದರೆ ಕರಗಿದ್ದ ಅನಿಲ ಕೆಗ್‌ನಿಂದ ನಲ್ಲಿಗೆ ಹೋಗುವ ಪೈಪಿನಲ್ಲಿಯೇ ಹೊರಬಂದು ನೊರೆಯಾಗುತ್ತದೆ, ಕೆಲವು ದಿನಗಳಲ್ಲಿ ಬಿಯರ್ ಕೂಡ ಸಪ್ಪೆಯಾಗುತ್ತದೆ. ನಾನು ಮೊದಲು ನೋಡುವುದು ಪೈಪನ್ನು. ಒಳವ್ಯಾಸ ಸುಮಾರು 5 ಮಿಲಿಮೀಟರ್ ಇರುವ ಪೈಪು 3 ಮೀಟರ್ ಉದ್ದವಿದ್ದರೆ, ಬಿಯರಿನ ವೇಗ ದಾರಿಯಲ್ಲಿಯೇ ತಗ್ಗಿ ಅದು ಲೋಟಕ್ಕೆ ಶಾಂತವಾಗಿ ಇಳಿಯುತ್ತದೆ. ಒಂದು ಮೀಟರಿನ ತುಂಡು ಹಾಕಿದವರಿಗೆ ನೊರೆ ತಪ್ಪಿದ್ದಲ್ಲ. ಆ ಉದ್ದವನ್ನು ಸುರುಳಿ ಸುತ್ತಿ ಫ್ರಿಜ್‌ನ ಒಳಗೇ ಇಡಬೇಕು. ಸಾಗಿಸಿ ತಂದ ಕೆಗ್ಗನ್ನು ಒಂದು ದಿನ ಅಲುಗಿಸದೆ ತಣಿಯಲು ಬಿಡಿ, ನಲ್ಲಿಯನ್ನು ಯಾವಾಗಲೂ ಪೂರ್ತಿ ತೆರೆಯಿರಿ, ಏಕೆಂದರೆ ಅರ್ಧ ತೆರೆದ ನಲ್ಲಿಯೂ ನೊರೆ ಎಬ್ಬಿಸುತ್ತದೆ. ಫ್ರಿಜ್‌ನ ತಿರುಪಿನ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಒಂದು ಲೋಟ ನೀರಿನಲ್ಲಿ ತಾಪಮಾಪಕವನ್ನು ಮುಳುಗಿಸಿಟ್ಟು ಮರುದಿನ ನೋಡಿದರೆ ನಿಜವಾದ ತಾಪ ತಿಳಿಯುತ್ತದೆ.

ಸಿಲಿಂಡರನ್ನು ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಎಂದಿಗೂ ಕೆಗ್‌ಗೆ ಜೋಡಿಸಬಾರದು. 20 ಡಿಗ್ರಿಯಲ್ಲಿ ಅದರೊಳಗೆ ಸುಮಾರು 57 ಬಾರ್ ಒತ್ತಡವಿರುತ್ತದೆ. ಫ್ರಿಜ್‌ನೊಳಗೆ ಇಟ್ಟಾಗ ಅದು 40 ಬಾರ್‌ನ ಆಸುಪಾಸಿಗೆ ಇಳಿಯುವುದನ್ನು ಕಂಡು ಸೋರಿಕೆಯೆಂದು ಗಾಬರಿಯಾಗಬೇಡಿ. ಒಳಗೆ ದ್ರವರೂಪದ ಇಂಗಾಲದ ಡೈಆಕ್ಸೈಡ್ ಉಳಿದಿರುವವರೆಗೂ ಮಾಪಕದ ಮುಳ್ಳು ಹೆಚ್ಚು ಕದಲುವುದಿಲ್ಲವಾದ್ದರಿಂದ, ಎಷ್ಟು ಉಳಿದಿದೆಯೆಂದು ತಿಳಿಯಲು ತೂಕ ಹಾಕುವುದೊಂದೇ ದಾರಿ. ಸಿಲಿಂಡರ್ ನೆಟ್ಟಗೆ, ಉರುಳದಂತೆ ಕಟ್ಟಿರಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಈ ಫ್ರಿಜ್ ಇಡಲೇಬೇಡಿ.

ಎರಡು ವಾರಕ್ಕೊಮ್ಮೆ ಪೈಪು ಮತ್ತು ನಲ್ಲಿಯನ್ನು ಬಿಯರ್ ಪೈಪಿಗೆಂದೇ ಸಿಗುವ ಕ್ಷಾರೀಯ ದ್ರಾವಣದಿಂದ ತೊಳೆದು, ಅದರ ಜಾರು ಹೋಗುವ ತನಕ ಶುದ್ಧ ನೀರು ಹಾಯಿಸಿ. ಆಗ ಕೈಗವಸು ಮತ್ತು ಕಣ್ಣಿಗೆ ರಕ್ಷಣೆ ಬೇಕು. ಕೆಗ್‌ನ ಮುಚ್ಚಳ ತೆರೆಯುವ ಮೊದಲು ಅನಿಲದ ಪೈಪನ್ನು ಬಿಚ್ಚಿ, ಒತ್ತಡ ಬಿಡುವ ಕವಾಟವನ್ನು ಎಳೆದು, ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿರಿ.