ಪಾಠದ ನಡುವೆ ಬಂದ ‘ಉದಾಕ್’

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಸುಮಾ ಕಾರವಾರದಲ್ಲಿ ಬಿ.ಇಡಿ. ಓದುತ್ತಿರುವವರು. ವಯಸ್ಸು 23. ಮನೆಮಾತು ಕೊಂಕಣಿ, ತಾಯಿ ಮೀನು ಮಾರುತ್ತಾರೆ. ಎರಡು ವರ್ಷದ ಈ ಕೋರ್ಸಿನಲ್ಲಿ 20 ವಾರ ಶಾಲೆಗಳಲ್ಲೇ ಕಳೆಯಬೇಕು. ಮೂರನೇ ದಿನಕ್ಕೇ ಅವರು ನನ್ನ ಬಳಿ ಬಂದು, “ಮೇಡಂ, ಕೋರ್ಸ್ ಬಿಡ್ತೇನೆ” ಎಂದರು.

ಆಗಿದ್ದಿಷ್ಟು. ಜಲಚಕ್ರದ ಪಾಠ. ಚಾರ್ಟ್ ತೂಗುಹಾಕಿ, ಬಿಸಿಲಿಗೆ ಸಮುದ್ರದ ನೀರು ಆವಿಯಾಗುವುದನ್ನು ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ, ಪಾಠ ನೋಡಲು ಕೂತಿದ್ದ ಮಾರ್ಗದರ್ಶಕರು ಏನೋ ಬರೆದುಕೊಳ್ಳುತ್ತಿದ್ದರು. ಆ ಗಾಬರಿಯಲ್ಲಿ ‘ನೀರು’ ಎನ್ನುವ ಬದಲು ‘ಉದಾಕ್’ ಅಂದುಬಿಟ್ಟರು. ಇಡೀ ತರಗತಿ ನಕ್ಕಿತು. ಸುಮಾ ಡಸ್ಟರನ್ನು ಮೇಜಿಗೆ ಬಡಿದರು. ಪಾಠ ಅಲ್ಲಿಗೇ ನಿಂತಿತು.

“ನನಗೆ ಟೀಚರ್ ಆಗೋ ಯೋಗ್ಯತೆನೇ ಇಲ್ಲ.”

ಒಂದು ಮಾತು ಜಾರಿದ್ದಕ್ಕೆ ತನ್ನ ಬಗ್ಗೆಯೇ ತೀರ್ಪು ಕೊಟ್ಟುಕೊಂಡಿದ್ದರು. ‘ಹೀಗಿರಬೇಕು’ ಮತ್ತು ‘ಹೀಗಿದ್ದೇನೆ’ ನಡುವಿನ ಅಂತರ ಮನಸ್ಸನ್ನು ನೋಯಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ್ದು ಇದನ್ನೇ.

ಡಸ್ಟರ್ ಬಡಿದಾಗ ಏನನ್ನಿಸಿತು? “ಸಿಟ್ಟು.” ಅದಕ್ಕೂ ಮೊದಲು? ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ತುಂಬ ಹೊತ್ತು ಕೂತರು. “ನಾಚಿಕೆ ಮೇಡಂ. ಅಮ್ಮನ ಮಾತು ಅಲ್ವಾ ಅದು.”

“ನಕ್ಕ ಮಕ್ಕಳು ಮನೇಲಿ ಯಾವ ಭಾಷೆ ಆಡ್ತಾರೆ?” ಎಂದೆ.

ಸುಮಾ ತಲೆಯೆತ್ತಿದರು. “ಜಾಸ್ತಿ ಜನ ಕೊಂಕಣಿನೇ.”

ಹಾಗಾದರೆ ಅದು ಗೇಲಿಯೇ ಎಂದು ಹೇಗೆ ಗೊತ್ತು? ಮಕ್ಕಳನ್ನೇ ಕೇಳಬೇಕಿತ್ತು. ಮನಶ್ಶಾಸ್ತ್ರಜ್ಞರಾದ ಸಾಲೊವೆ ಮತ್ತು ಮೇಯರ್ 1990ರಲ್ಲಿ ‘ಭಾವನಾತ್ಮಕ ಬುದ್ಧಿವಂತಿಕೆ’ಯ ಬಗ್ಗೆ ಬರೆದಾಗ, ತನ್ನ ಭಾವನೆಯ ಜೊತೆಗೆ ಎದುರಿನವರದ್ದನ್ನೂ ಗುರುತಿಸುವುದನ್ನು ಅದರಲ್ಲಿ ಸೇರಿಸಿದ್ದರು. ಇದನ್ನು ಪರೀಕ್ಷೆಗೆ ಓದಿಸುತ್ತೇವೆ, ಅಭ್ಯಾಸ ಮಾಡಿಸುವುದು ಕಡಿಮೆ. ನನಗೆ ಬೇಸರವಾಗುವುದು ಅಲ್ಲೇ.

ನಾನು ಹೇಳಿದ್ದು: ಎದೆ ಹೊಡೆದುಕೊಂಡರೆ ಉಸಿರನ್ನು ನಿಧಾನಕ್ಕೆ ಬಿಡಿ, ಬಂದ ಭಾವನೆಯ ಹೆಸರನ್ನು ಮನಸ್ಸಲ್ಲೇ ಹೇಳಿಕೊಳ್ಳಿ. ಪಾಠಯೋಜನೆಯ ಕೆಳಗೆ ಆಗಿದ್ದಷ್ಟನ್ನೇ ಬರೆಯಿರಿ. ‘ಒಂದು ಪದ ತಪ್ಪಿತು’ ಎಂದು ಬರೆಯಿರಿ, ‘ನಾನು ದಡ್ಡಿ’ ಎಂದಲ್ಲ. ಮಾರ್ಗದರ್ಶಕರನ್ನು ‘ಹೇಗಿತ್ತು’ ಎಂದು ಕೇಳಬೇಡಿ, ‘ನಾಳೆ ಯಾವುದೊಂದನ್ನು ತಿದ್ದಿಕೊಳ್ಳಲಿ’ ಎಂದು ಕೇಳಿ. ಡಸ್ಟರ್ ಬಡಿದದ್ದು ತಪ್ಪಾಯಿತು ಎಂದು ಮಕ್ಕಳಿಗೆ ಹೇಳಿ. ಇದು ಮಾತ್ರ ಕಷ್ಟ ಎಂದರು.

ಮುಂದಿನ ವಾರ ಬಂದರು. ಮಕ್ಕಳ ಹತ್ತಿರ ಮಾತಾಡಿ, ಬೋರ್ಡಿನ ಮೇಲೆ ‘ನೀರು’ ಬರೆದು, ಮನೆಯಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿದರಂತೆ. ‘ಉದಾಕ್’ ಬಂತು, ‘ಪಾನಿ’ಯೂ ಬಂತು. ಒಬ್ಬ ಹುಡುಗ, “ಅಕ್ಕೋರೆ, ಅವತ್ತು ನೀವು ನಮ್ಮ ಆಯಿ ಹಾಗೇ ಹೇಳಿದ್ರಿ” ಅಂದನಂತೆ.

ಮಾರ್ಗದರ್ಶಕರ ಭಯ ಇನ್ನೂ ಹೋಗಿಲ್ಲ. ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.